ದೊಡ್ಡಮ್ಮ ಯಾರನ್ನೂ ಒಂಟಿ ಬಿಟ್ಟವಳಲ್ಲ

ನಮ್ಮ ಕೆಂಚಮ್ಮ ದೊಡ್ಡಮ್ಮ ಮನುಷ್ಯಕುಲವನ್ನು ಎರಡಾಗಿ ವಿಂಗಡಿಸಿದ್ದಳು: ಜೊತೆಗೆ ಯಾರಾದರೂ ಇರುವವರು ಮತ್ತು ಪಾಪದವರು. ಎರಡನೆಯ ವರ್ಗದವರು ಕಣ್ಣಿಗೆ ಬಿದ್ದ ಕೂಡಲೇ ಪಕ್ಕದಲ್ಲಿ ಹೋಗಿ ಕೂತು ಅವರನ್ನು ಮೊದಲನೆಯ ವರ್ಗಕ್ಕೆ ಸೇರಿಸಿಬಿಡುತ್ತಿದ್ದಳು. ಅವರ ಒಪ್ಪಿಗೆ ಕೇಳುವ ಪದ್ಧತಿ ಇರಲಿಲ್ಲ. ಜ್ವರ ಬಂದು ಮಲಗಿದವರು, ಪರೀಕ್ಷೆಗೆ ಓದುವವರು, ಬಯಲಿಗೆ ಹೊರಟವರು, ಯಾರಿಗೂ ವಿನಾಯಿತಿ ಇಲ್ಲ. ನಾನು ಬಿ.ಎ.ಗೆ ಓದುವಾಗಲೂ ಅವಳು ಪಕ್ಕದಲ್ಲೇ ಕೂತು ಉಣ್ಣೆ ನೂಲುತ್ತ, ಕುರಿಗಳ ಯೋಗಕ್ಷೇಮ ವರದಿ ಮಾಡುತ್ತಿದ್ದಳು. ಆದ್ದರಿಂದ ನನಗೆ ಬಂದ ಮೂರನೆಯ ದರ್ಜೆಗೆ ನಾನೊಬ್ಬನೇ ಹೊಣೆಯಲ್ಲ.

ಸ್ವಾತಂತ್ರ್ಯ ಬಂದು ಹತ್ತಿಪ್ಪತ್ತು ವರ್ಷವಾಗಿದ್ದ ಕಾಲ. ನಾನು ತಾಳ್ಯದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಆಗ ನಮ್ಮಂಥ ಊರುಗಳನ್ನು ಉದ್ಧಾರ ಮಾಡಲು ಅಮೆರಿಕದಿಂದ ಸಂಬಳವಿಲ್ಲದ ಉಪಾಧ್ಯಾಯರು ಬರುತ್ತಿದ್ದರು. ನಮ್ಮ ಪಾಲಿಗೆ ಮೇರಿ ಎಂಬ ಹುಡುಗಿ ಬಂದಳು. ಕಿಟಕಿಯಿರುವ ಬಿಡಿ ಕೋಣೆಯೂ ಇಂಗ್ಲಿಷ್ ಬಲ್ಲ ನಾನೂ ಒಂದೇ ಸೂರಿನಡಿ ಸಿಗುತ್ತಿದ್ದುದು ದೊಡ್ಡಮ್ಮನ ಮನೆಯಲ್ಲಿ ಮಾತ್ರ. ಹೆಡ್‌ಮಾಸ್ತರರು ಅವಳನ್ನು ಅಲ್ಲಿಗೇ ತಂದು ಬಿಟ್ಟರು.

ದೊಡ್ಡಮ್ಮ ಕಂಬಳಿ ಹಾಸಿ ಕೂರಿಸಿದಳು. "ಅಷ್ಟು ದೂರದಿಂದ ಒಬ್ಳೇ ಬಂದೆಯೇನವ್ವಾ?" ಎಂದಳು. ನಾನು ಇಂಗ್ಲಿಷಿಗಿಳಿಸಿದೆ. ಮೇರಿ ಹೆಮ್ಮೆಯಿಂದ ತಲೆಯಾಡಿಸಿದಳು. ಅವಳ ಭವಿಷ್ಯ ಆ ಕ್ಷಣವೇ ತೀರ್ಮಾನವಾಯಿತು.

ಮೊದಲ ಭಾನುವಾರ ಮೇರಿ ಊಟ ಬೇಡವೆಂದು ಹೇಳಿ, ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ಹಿಡಿದಳು. ನಮ್ಮ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಅದಕ್ಕೆ ಒಂದೇ ಅರ್ಥ, ಮುನಿಸು. ಒಬ್ಬರು ಮುನಿಸಿಕೊಂಡರೆ ಅವರು ಎದ್ದು ಬಂದು ಉಣ್ಣುವ ತನಕ ಮಿಕ್ಕವರು ಮುದ್ದೆ ಮುರಿಯುವಂತಿಲ್ಲ; ಅದು ಹಿರಿಯರ ಕಟ್ಟಳೆ. ಕುರಿ ಬಿಟ್ಟು ಬಂದ ದೊಡ್ಡಪ್ಪ ಕೈಕಾಲು ತೊಳೆದು, ಬರಿ ತಟ್ಟೆಯ ಮುಂದೆ ಕೂತು, ಆ ಬಾಗಿಲನ್ನು ದೇವಸ್ಥಾನದ ಬಾಗಿಲಿನಂತೆ ನೋಡತೊಡಗಿದ. ಹೊತ್ತು ಇಳಿಯಿತು. ಸಾರು ಆರಿತು. ಸಾರಿಗೆ ಉಪ್ಪು ಹೆಚ್ಚಾಯಿತೋ, ಮಾತಿಗೆ ಕಡಿಮೆಯಾಯಿತೋ ಎಂದು ದೊಡ್ಡಮ್ಮ ಪೇಚಾಡಿದಳು. ಕೊನೆಗೆ ರಾಯಭಾರಿಯಾಗಿ ನನ್ನ ನೇಮಕವಾಯಿತು.

ನಾನು ಬಾಗಿಲು ತಟ್ಟಿ ಶುದ್ಧ ಗ್ರಾಂಥಿಕ ಇಂಗ್ಲಿಷಿನಲ್ಲಿ ಸಮಸ್ತ ಕುಟುಂಬದ ಪರವಾಗಿ ಕ್ಷಮೆ ಯಾಚಿಸಿದೆ. ಮೇರಿ ಗಾಬರಿಯಾದಳು. ತನಗೆ ಯಾರ ಮೇಲೂ ಕೋಪವಿಲ್ಲ, ವಾರಕ್ಕೊಮ್ಮೆ ಒಂದಿಷ್ಟು ಹೊತ್ತು ಒಬ್ಬಳೇ ಇದ್ದರೆ ಹೋದ ಉಸಿರು ಬಂದಂತಾಗುತ್ತದೆ, ಅಷ್ಟೇ ಎಂದಳು. ಅದನ್ನು ಹಾಗೇ ದೊಡ್ಡಮ್ಮನಿಗೆ ಒಪ್ಪಿಸಿದೆ.

"ಒಬ್ಳೇ ಇರಾಕೆ ಅವಳೇನು ಗುಡ್ಡದ ಮ್ಯಾಲಿನ ಬಂಡೆಯೇನ್ಲಾ?" ಎಂದಳು ದೊಡ್ಡಮ್ಮ. "ಪಾಪ, ಅವ್ವನ ನೆಪ್ಪಾಗೈತೆ. ಹೇಳಾಕೆ ನಾಚಿಕೆ ಅವಳಿಗೆ."

ಅಂದೇ ಸಂಜೆ ದೊಡ್ಡಮ್ಮನ ಹಾಸಿಗೆ ಮೇರಿಯ ಕೋಣೆಗೆ ಸ್ಥಳಾಂತರಗೊಂಡಿತು.

ಮೇರಿ ಕೆರೆ ಏರಿಯ ಮೇಲೆ ತಿರುಗಾಡಲು ಹೊರಡತೊಡಗಿದಳು. ಮುಂದೆ ಅವಳು, ಹಿಂದೆ ತಕಲಿ ತಿರುಗಿಸುತ್ತ ದೊಡ್ಡಮ್ಮ, ಅವಳ ಹಿಂದೆ ಮನೆಯ ನಾಯಿ. ಮೇರಿ ಬೇಗ ನಡೆದರೆ ನೂಲು ತೆಳ್ಳಗಾಗುತ್ತಿತ್ತೇ ಹೊರತು ಅಂತರ ಹೆಚ್ಚುತ್ತಿರಲಿಲ್ಲ. ಊರಿನವರು ಇದನ್ನು ಅಮೆರಿಕದ ಯಾವುದೋ ವ್ರತವೆಂದು ಭಾವಿಸಿ ದಾರಿ ಬಿಡುತ್ತಿದ್ದರು.

ಒಂದು ದಿನ ಮೇರಿ ನನ್ನಿಂದ ಕನ್ನಡ ಕಲಿತು ತಾನೇ ಹೇಳಿಬಿಟ್ಟಳು: "ದೊಡ್ಡಮ್ಮ, ನನಗೆ ಸ್ವಲ್ಪ ಹೊತ್ತು ಯಾರೂ ಬೇಡ." ದೊಡ್ಡಮ್ಮ ಅವಳ ತಲೆ ಸವರಿ, ಆತು ಬಿಡವ್ವ ಎಂದಳು. ಗೆದ್ದೆವೆಂದು ನಾವಿಬ್ಬರೂ ತಿಳಿದೆವು. ಮಾರನೆಯ ದಿನ ಹೊಸದುರ್ಗದ ಬಸ್ಸಿನಲ್ಲಿ ದೊಡ್ಡಮ್ಮನ ತಂಗಿ ಗಂಟಿನ ಸಮೇತ ಬಂದಿಳಿದಳು.

"ನನ್ನಂಥ ಮುದುಕಿ ಜತೆ ಬ್ಯಾಸರ ಆಗೈತೆ ಅವಳಿಗೆ," ಎಂದು ದೊಡ್ಡಮ್ಮ ನನಗೆ ಗುಟ್ಟಾಗಿ ಹೇಳಿದಳು. "ನಮ್ಮ ತಂಗಿ ಬಾಯಿ ಚುರುಕು. ನಗಿಸ್ತಾ ಇರ್ತಾಳೆ."

ಆಮೇಲೆ ಮೇರಿ ಹೋರಾಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮೈಸೂರಿನ ಕಡೆಯ ಶಾಲೆಯೊಂದಕ್ಕೆ ವರ್ಗ ಮಾಡಿಸಿಕೊಂಡಳು. ಇಷ್ಟು ಪ್ರೀತಿ ತನ್ನ ಮನೆಯಲ್ಲೂ ಕಂಡಿಲ್ಲ, ಆದರೆ ಇಲ್ಲಿ ಉಸಿರು ಕಟ್ಟುತ್ತದೆ ಎಂದು ಹೇಳಿ ನನ್ನೆದುರು ಅತ್ತಳು. ಇದಕ್ಕೆ ಚರಿತ್ರೆಯಲ್ಲಿ ಪರಿಹಾರವಿರಲಿಲ್ಲ. ನಮ್ಮಲ್ಲಿ ಏನು ಕಡಿಮೆಯಾಯಿತು ಎಂದು ಇನ್ನೊಂದು ಕಡೆಯಿಂದ ದೊಡ್ಡಮ್ಮ ಕೇಳುತ್ತಿದ್ದಳು. ಕಡಿಮೆಯಾದದ್ದು ಏನೂ ಇಲ್ಲ ಎಂಬುದೇ ಉತ್ತರ. ಅದನ್ನು ಹೇಳುವುದು ಹೇಗೆ?

ಚಿಕ್ಕಜಾಜೂರಿನಲ್ಲಿ ರೈಲು ನಿಂತಾಗ ದೊಡ್ಡಮ್ಮ ಎಲ್ಲರಿಗಿಂತ ಮೊದಲು ಹೆಂಗಸರ ಡಬ್ಬಿ ಹತ್ತಿದಳು. ಅಲ್ಲಿದ್ದವರನ್ನೆಲ್ಲ ಪರಿಶೀಲಿಸಿ, ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರ ಹೆಂಡತಿಯನ್ನು ಆರಿಸಿದಳು.

"ಇವಳು ನಮ್ಮ ಮಗಳು. ಒಬ್ಳೇ ಬಿಡಬ್ಯಾಡ್ರವ್ವಾ. ಮಾತಾಡಿಸ್ತಾ ಇರ್ರಿ."

ಆಕೆ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, "ಫಿಕರ್ ಮಾಡಬ್ಯಾಡ್ರಿ ಅಮ್ಮ, ನಾನೈದೀನಿ" ಎಂದು ಮೇರಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಿಟಕಿಯಿಂದ ಮೇರಿ ನನ್ನತ್ತ ನೋಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ರೈಲು ಹೊರಟುಬಿಟ್ಟಿತು.

ಈಗ ದೊಡ್ಡಮ್ಮನೂ ಇಲ್ಲ. ಅವಳನ್ನು ನೆನೆದರೆ ನನಗೆ ಕಾಣುವುದು ಆ ದಿನ ಸ್ಟೇಷನ್ನಿಂದ ಎತ್ತಿನ ಗಾಡಿಯಲ್ಲಿ ಹಿಂದಿರುಗಿದ ದಾರಿ. ಹೊಸ ಊರಲ್ಲಿ ಮೇರಿ ಜತೆಗೆ ಯಾರಿರ್ತಾರಪ್ಪ ಎಂದು ಕೇಳಿದಳು. ಅಲ್ಲಿ ಅವಳಿಗಾಗಿ ಕಾದಿದ್ದದ್ದು ಒಂದು ಕೋಣೆ, ಒಂದು ಮಂಚ. ಜನ ಇರುತ್ತಾರೆ ಎಂದೆ. ಎಂಥ ಜನ ಎಂದಳು. ಒಳ್ಳೆಯ ಜನ ಎಂದೆ.

ತಾಳ್ಯದ ಹೊಲಗಳು ಕಂಡಾಗ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

"ಅಲ್ಲಿನೋರಿಗೆ ಒಂದ್ಮಾತು ಹೇಳಿ ಕಳಿಸಪ್ಪ. ಯಾರೂ ಬ್ಯಾಡ ಅಂತಾಳೆ ಅವಳು. ಅವಳ ಮಾತು ಕೇಳಬ್ಯಾಡ್ರಿ ಅನ್ನು."