ಅಂಬವ್ವನ ವೋಟು

ಮುಂಬಯಿಯ ಭಾಂಡುಪ್‌ನ ಚಾಳೊಂದರಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಅಂಬವ್ವ ನಗುಮೊಗದವರನ್ನು ನಂಬುತ್ತಿರಲಿಲ್ಲ. ಹಿಂದೆ ಬಿಲ್ಡರ್ ಕಡೆಯವನೊಬ್ಬ ಹೀಗೆಯೇ ನಗುನಗುತ್ತ ಚಹಾ ಕುಡಿದು, ಹೊಸ ಮನೆ ಕೊಡುತ್ತೇವೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಮತ್ತೆ ಅವನ ಸುಳಿವಿರಲಿಲ್ಲ.

ಹಾಗಾಗಿ ಪಾಲಿಕೆ ಚುನಾವಣೆಗೆ ನಿಂತಿದ್ದ ಮನೀಶ್ ಬಾಗಿಲಲ್ಲಿ ಬಗ್ಗಿ, ತಡವರಿಸುವ ಕನ್ನಡದಲ್ಲಿ "ಅವ್ವಾ, ಮೊಣಕಾಲ ನೋವು ಹೆಂಗೈತ್ರಿ?" ಎಂದು ಕೇಳಿದಾಗ ಅವಳಿಗೆ ಮೊದಲು ಬಂದದ್ದು ಸಂಶಯವೇ. ಅವನು ಅತ್ತ ಹೋದದ್ದೇ ಸೊಸೆ ವೈಶಾಲಿಯನ್ನು ಹಿಡಿದಳು. "ನನ್ನ ಕಾಲಿನ ಸುದ್ದಿ ಅವಗ ಯಾರು ಹೇಳಿದ್ರು?"

"ಹೋದ ವಾರ ವೋಟರ್ ಸ್ಲಿಪ್ ಕೊಡಾಕ ಒಬ್ಬಾಕಿ ಹುಡುಗಿ ಬಂದಿದ್ಲಲ್ರಿ ಅತ್ತಿ. ಮನ್ಯಾಗ ಎಲ್ಲಾರೂ ಆರಾಮೇನು ಅಂದ್ಲು. ಹೇಳ್ದೆ."

ಅಂಬವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹುಡುಗಿಯೊಬ್ಬಳು ಮೊಬೈಲ್ ನೋಡಿಕೊಂಡು ಮನೀಶನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮರುಕ್ಷಣವೇ ಅವನು ಪಕ್ಕದ ಮನೆಯ ರುದ್ರವ್ವನಿಗೆ, ಅದೇ ದನಿಯಲ್ಲಿ, ಮೊಮ್ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದ.

ಸಂಜೆ ನಳದ ಹತ್ತಿರ ಅಂಬವ್ವ ಇದನ್ನೆಲ್ಲ ಬಿಡಿಸಿ ಹೇಳಿದಳು. ರುದ್ರವ್ವ ಕೊಡ ಸರಿಸುತ್ತ, "ಬರಕೊಂಡು ಬಂದ್ರ ಏನಾತ? ಕೇಳಿದ್ನೋ ಇಲ್ಲೋ? ಆ ನಾಗರತ್ನಾ ನೋಡು, ಮಾರಿ ಗಂಟ ಹಾಕ್ಕೊಂಡ ಬರ್ತಾಳ" ಅಂದಳು.

ಚುನಾವಣೆಯಲ್ಲಿ ಮನೀಶನ ಎದುರು ನಿಂತಿದ್ದ ನಾಗರತ್ನಾ ನಗುವವಳಲ್ಲ, ನಿಜ. ಆದರೆ ಮಳೆಗಾಲದಲ್ಲಿ ಗಟಾರ ತುಂಬಿ ಮನೆಗಳಿಗೆ ನೀರು ನುಗ್ಗಿದಾಗ, ಎರಡು ದಿನ ವಾರ್ಡ್ ಆಫೀಸಿನಲ್ಲಿ ಪಟ್ಟು ಹಿಡಿದು ಕೂತು ಕೆಲಸದವರನ್ನು ಕರೆತಂದವಳು ಅವಳೇ. ತನ್ನ ವೋಟು ಅವಳಿಗೇ ಎಂದು ಅಂಬವ್ವ ಗಟ್ಟಿ ಮಾಡಿಕೊಂಡಳು.

ಮತದಾನದ ದಿನ ಯಂತ್ರದ ಮುಂದೆ ನಿಂತಾಗ, ಮಗನಾಗಲಿ ಸೊಸೆಯಾಗಲಿ ತನ್ನ ಕಾಲುನೋವು ಕೇಳಿ ಎಷ್ಟು ದಿನವಾಯಿತು ಎಂಬುದು ಯಾಕೋ ನೆನಪಾಯಿತು. ಬೆರಳು ಹೋಗಿ ಮನೀಶನ ಗುರುತಿನ ಮುಂದಿನ ಗುಂಡಿ ಒತ್ತಿಬಿಟ್ಟಿತು. ಯಂತ್ರ ಕೂಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು.

"ಯಾರಿಗೆ ಹಾಕಿದ್ರಿ ಅತ್ತಿ?" ಹೊರಗೆ ವೈಶಾಲಿ ಕೇಳಿದಳು.

"ಯಾಕ, ಮತ್ತ ಯಾರಿಗರ ಹೇಳಾಕೇನು?"

ಮನೀಶ್ ಭಾರೀ ಅಂತರದಿಂದ ಗೆದ್ದ. ಎರಡು ದಿನ ಬಿಟ್ಟು ನಾಗರತ್ನಾ ಎಂದಿನ ಗಂಟುಮೋರೆಯಲ್ಲೇ ಬಂದು, ಗಟಾರದ ಮೇಲಿನ ಕಲ್ಲು ಗಟ್ಟಿಯಾಗಿ ಕೂತಿದೆಯೇ ಎಂದು ಕಾಲಿಂದ ಒತ್ತಿ ನೋಡಿದಳು. ಅಂಬವ್ವ ಚಹಾ ಕೊಟ್ಟಳು. ನಾಗರತ್ನಾ ಲೋಟದ ಮೇಲಿಂದ ಒಂದು ಸಲ ಅವಳನ್ನು ನೋಡಿದಳು, ಅಷ್ಟೇ. ಇವಳಿಗೆ ಗೊತ್ತಾಗಿದೆಯೇ ಎಂದು ಅಂಬವ್ವನಿಗೆ ಆ ಇಡೀ ದಿನ ಅನುಮಾನ.