ಮಾಸ್ತಮ್ಮ ಹೇಳಿದ ಸಾಕ್ಷಿ

ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತಮ್ಮ ಸೂಲಗಿತ್ತಿಯಾಗಿದ್ದಳು. 1964ರಲ್ಲಿ ಅಕ್ಕಿ ಗಿರಣಿಯ ಮೇಸ್ತ್ರಿ ತನ್ನ ಮೇಲೆ ಬಲಾತ್ಕಾರ ಮಾಡಿದನೆಂದು ಅಲ್ಲಿ ಕೂಲಿಗಿದ್ದ ಚೌಡಮ್ಮ ದೂರಿದಾಗ, ಅವಳನ್ನು ನೋಡಿ ಹೇಳಲು ಪಂಚಾಯ್ತಿಯವರು ಮಾಸ್ತಮ್ಮನನ್ನೇ ಕರೆಸಿದರು.

“ಮೈಮೇಲೆ ಒಂದು ಗೀರೂ ಇಲ್ಲ. ಮನ್ಸಿಲ್ದೆ ಇದ್ದಿದ್ರೆ ಕೂಗ್ತಿರ್ಲಿಲ್ವಾ?” ಎಂದಳು ಮಾಸ್ತಮ್ಮ.

ಅಷ್ಟಕ್ಕೇ ಮೇಸ್ತ್ರಿ ಪಾರಾದ. ಚೌಡಮ್ಮ ಅಳಲಿಲ್ಲ, ಮಾಸ್ತಮ್ಮನ ಮುಖವನ್ನೇ ನೋಡಿದಳು.

ಅಂದಿನಿಂದ ಮಾಸ್ತಮ್ಮನಿಗೆ ಅನ್ನ ಸೇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಗಂಡ ಊರಲ್ಲಿಲ್ಲದ ದಿನ, ಭಾವ ಅವಳನ್ನು ಕೊಟ್ಟಿಗೆಯಲ್ಲಿ ಕೆಡವಿದಾಗ ಅವಳ ಗಂಟಲಿನಿಂದಲೂ ದನಿ ಹೊರಟಿರಲಿಲ್ಲ. ಕೈಕಾಲು ಮರಗಟ್ಟಿದ್ದವು. ಅದನ್ನು ಮುಚ್ಚಿಕೊಳ್ಳಲೆಂದೇ ಅವಳು ಪಂಚಾಯ್ತಿಯಲ್ಲಿ ಎಲ್ಲರಂತೆ ಮಾತಾಡಿದ್ದಳು.

ವಾರ ಕಳೆದ ಮೇಲೆ ಪಟೇಲರ ಜಗುಲಿಗೆ ಹೋಗಿ ಎಲ್ಲರೆದುರು ಹೇಳಿದಳು: “ನಾ ಹೇಳಿದ್ದು ತಪ್ಪು ಪಟೇಲ್ರೇ. ಹೆದ್ರಿಕೆಗೆ ದನಿನೇ ಬರಲ್ಲ. ನಂಗೂ ಹಂಗೇ ಆಗಿತ್ತು.”

ಪಟೇಲರು, “ಮುಗ್ದಿದ್ದು ಮುಗೀತು, ಮನೆಗೆ ಹೋಗು” ಎಂದರು.

ಅಷ್ಟರಲ್ಲಿ ಚೌಡಮ್ಮ ತೀರ್ಥಹಳ್ಳಿಯಲ್ಲಿದ್ದ ಅಕ್ಕನ ಮನೆ ಸೇರಿದ್ದಳು. ಮಾಸ್ತಮ್ಮ ಬಸ್ಸು ಹತ್ತಿ ಅಲ್ಲಿಗೂ ಹೋದಳು.

“ನೀ ಹೇಳಿದ್ದು ನಿಜ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ.”

“ಗೊತ್ತಿದ್ದೂ ಹೇಳ್ಲಿಲ್ವಲ್ಲಕ್ಕಾ” ಎಂದು ಚೌಡಮ್ಮ ಒಳಗೆ ಹೋದಳು.