ಮೊದಲ ಚಹಾಕ್ಕಿಂತ ಮುಂಚೆ ಬರುವ ಶೇಖಮ್ಮ

ಜೊಲ್ಲು ಹಿಡಿಯುವ ಒಂದು ಕೊಳವೆಗೆ ಒಂಬೈನೂರು ರೂಪಾಯಿ. ಅದನ್ನು ರಾಯಚೂರಿನಿಂದ ಮಾನ್ವಿ ತಾಲ್ಲೂಕಿನ ಮಲ್ಲಟಕ್ಕೆ ಒಯ್ದು ತರಲು ಸ್ಕೂಟಿಗೆ ಇನ್ನೂರು ರೂಪಾಯಿ ಪೆಟ್ರೋಲ್. ಒಯ್ಯುವ ಶೇಖಮ್ಮನವರಿಗೆ ದಿನಕ್ಕೆ ಆರುನೂರು. ಮಲ್ಲಟದ ಮನೆಯೊಡತಿ ಪ್ರೀತಿಯಿಂದ ಕೊಡುವ ಅರ್ಧ ಲೋಟ ಚಹಾಕ್ಕೆ ಹೆಚ್ಚೆಂದರೆ ಐದು ರೂಪಾಯಿ ಬಿದ್ದೀತು. ಜೊಲ್ಲು ಕೊಡಬೇಕಾದವರು ಆ ಐದು ರೂಪಾಯಿ ಚಹಾ ಕುಡಿದುಬಿಟ್ಟರೆ ಮೇಲಿನ ಖರ್ಚೆಲ್ಲ ನೀರುಪಾಲು.

"ಅದಕ್ಕs ಒಲಿ ಹತ್ತೋದ್ರಾಗ ಬಂದ್ಬಿಡ್ತೀನ್ರಿ" ಎನ್ನುತ್ತಾರೆ ನಲವತ್ನಾಲ್ಕು ವರ್ಷದ ಶೇಖಮ್ಮ.

ಬೆಳಗಿನ ಐದೂಕಾಲು. ಅಕ್ಕಿ ಗಿರಣಿಯ ಗಡಿಗೆಪ್ಪನವರ ತಾಯಿ ಶಿವಬಸಮ್ಮ ಮೈತೊಳೆದುಕೊಂಡು ವಿಭೂತಿ ಹಚ್ಚಿ ಪಡಸಾಲೆಗೆ ಬಂದಿದ್ದಾರೆ. ಲಿಂಗಪೂಜೆ ಮುಗಿಯುವವರೆಗೆ ಅವರು ಬಾಯಿಗೆ ಹನಿ ನೀರನ್ನೂ ಹಾಕುವುದಿಲ್ಲ. ಪೂಜೆ ಮುಗಿದ ಮೇಲೆ ಪ್ರಸಾದ, ಅದರ ಹಿಂದೆಯೇ ಚಹಾ. ಹಾಗಾಗಿ ಸ್ನಾನಕ್ಕೂ ಪೂಜೆಗೂ ನಡುವಿನ ಹದಿನೈದು ನಿಮಿಷ ಶೇಖಮ್ಮನವರ ಪಾಲು.

"ಯವ್ವಾ, ಈ ಗೀಟಿನ ತನಕ ಬರಬೇಕ್ರಿ. ಬುರುಗು ಲೆಕ್ಕಕ್ಕಿಲ್ಲ."

"ಎಲ್ಲಿಂದ ತರಲಿ ಬೇ? ಎಂಬತ್ತು ವರ್ಷದ ಬಾಯಿ, ಒಣಗಿ ಹೋಗ್ಯದ."

"ಹುಣಸಿ ತೊಕ್ಕು ನೆನಸ್ರಿ. ಹೊಸಾದು. ಮ್ಯಾಲ ಬೆಲ್ಲ."

ಶಿವಬಸಮ್ಮ ಗಲ್ಲ ಒಳಗೆಳೆದುಕೊಂಡು, ಕೊಳವೆಗೆ ಬಾಯಿ ಹಚ್ಚುತ್ತಾರೆ. "ಪೂಜಿಗೆ ಕುಂದರೋದ್ರಾಗ ನನಗ ತೊಕ್ಕಿನ ಆಸೆ ಹಚ್ಚಿದಿ ನೋಡು" ಎಂದು ಬೈಯುತ್ತಾರೆ. ಕೊಳವೆ ತುಂಬಿದೆ.

ಮಲ್ಲಟದಲ್ಲಿ ಎರಡನೆಯ ಸಲ ತೆಗೆಯಬೇಕಾಗಿ ಬಂದ ನಲವತ್ತೊಂದರಲ್ಲಿ ಇದು ಇಪ್ಪತ್ತೊಂಬತ್ತನೆಯದು. ಇನ್ನು ಹನ್ನೆರಡು ಬಾಕಿ, ತಿಂಗಳು ಮುಗಿಯಲು ಒಂಬತ್ತು ದಿನ. ಅಷ್ಟರೊಳಗೆ ಮುಗಿಯದಿದ್ದರೆ ಶೇಖಮ್ಮನವರ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, 'ಮನೆಯಲ್ಲೇ ಕೂತು ಸುಳ್ಳು ಫಾರಂ ತುಂಬಿದಾಕೆ' ಎಂಬ ಮಾತು ಬೆನ್ನಿಗೆ ಬೀಳುತ್ತದೆ. ಅವರನ್ನು ನಸುಕಿನಲ್ಲಿ ಎಬ್ಬಿಸುತ್ತಿರುವುದು ಆ ಮಾತಿನ ಭಯ.

ಶೇಖಮ್ಮ ಅರಕೇರಾದವರು. ಅಪ್ಪ ಅವ್ವ ದುಡಿಯಲು ಊರೂರು ತಿರುಗುವಾಗ ಅಜ್ಜಿಯ ಬಳಿ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿದರು. ಗಂಡ ಪಕೀರಪ್ಪ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ, ಮಗಳು ವಿಶಾಖಾ ಬಿ.ಇಡಿ ಓದುತ್ತಿದ್ದಾಳೆ. ಜನಗಣತಿ, ಪೋಲಿಯೊ ಹನಿ, ಮತದಾರರ ಪಟ್ಟಿ, ಹೀಗೆ ಬಾಗಿಲು ತಟ್ಟುವ ಕೆಲಸ ಯಾವುದೇ ಬರಲಿ, ಅವರು ಇಪ್ಪತ್ತು ವರ್ಷದಿಂದ ತಟ್ಟುತ್ತ ಬಂದಿದ್ದಾರೆ. ಎರಡು ವರ್ಷದ ಹಿಂದೆ ಒಂದು ಸಂಶೋಧನಾ ತಂಡ ಅವರನ್ನು ಗುತ್ತಿಗೆಗೆ ತೆಗೆದುಕೊಂಡಿತು. ರಾಯಚೂರು ನಗರ, ದೇವದುರ್ಗ, ಮಾನ್ವಿ ಸೇರಿ ಈವರೆಗೆ ಆರುನೂರಾ ಹನ್ನೆರಡು ಮಂದಿಯ ಜೊಲ್ಲು, ಅಷ್ಟೇ ಮಂದಿಯ ಫಾರಂ ಅವರ ಚೀಲದಲ್ಲಿ ಬಂದಿವೆ.

ಆಟಿಸಂ ಇರುವ ಮಕ್ಕಳನ್ನು ಹುಡುಕುವುದು ಈ ತಂಡದ ಕೆಲಸವಲ್ಲ. ಒಂದೇ ಕ್ರಮದಲ್ಲಿ ಕೆಲಸ ಆಗಬೇಕೆನ್ನುವುದು, ಗದ್ದಲ ತಡೆಯಲಾರದಿರುವುದು, ಸಂತೆಯಲ್ಲಿ ಮಾತು ಹೊರಡದಿರುವುದು, ಬೇರೆಯವರ ಕಣ್ಣಿಗೆ ಬೀಳದ್ದು ತನ್ನ ಕಣ್ಣಿಗೆ ಬೀಳುವುದು, ಇಂಥ ಗುಣಗಳು ಸಾಮಾನ್ಯ ಜನರಲ್ಲಿ ಯಾರಿಗೆ ಎಷ್ಟಿವೆ ಮತ್ತು ಅವು ವಂಶದಲ್ಲಿ ಹೇಗೆ ಇಳಿದು ಬರುತ್ತವೆ ಎಂದು ನೋಡುವುದು. ಗುಣ ತಿಳಿಯಲು ಐವತ್ತು ಪ್ರಶ್ನೆಯ ಒಂದು ಫಾರಂ, ವಂಶವಾಹಿ ನೋಡಲು ಒಂದು ಕೊಳವೆ ಜೊಲ್ಲು.

ಜನಕ್ಕೆ ಇದು ಸುಲಭಕ್ಕೆ ಒಗ್ಗುವುದಿಲ್ಲ. "ನಮ್ಮ ಮನ್ಯಾಗ ಅಂಥವ್ರು ಯಾರೂ ಇಲ್ಲ, ಆಚಿ ಓಣಿಗೆ ಹೋಗು" ಎಂದು ಕದ ಮುಂದೆ ಮಾಡುತ್ತಾರೆ. "ಅಂಥವ್ರಲ್ರಿ, ನಿಮ್ಮಂಥವ್ರs ಬೇಕು" ಎಂದು ಶೇಖಮ್ಮ ಹೊಸ್ತಿಲಲ್ಲೇ ಕೂತುಬಿಡುತ್ತಾರೆ. ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ ಆಟಿಸಂ ಇರುವ ಹುಡುಗಿಯ ತಾಯಿಯೊಬ್ಬರು ಸೆರಗು ಹಿಡಿದು ಕೇಳಿದರಂತೆ, ಇದು ತನ್ನ ಕಡೆಯಿಂದ ಬಂತೋ ಎಂದು.

"ಅದನ್ನ ಈ ಕೊಳವಿ ಹೇಳಂಗಿಲ್ಲ ತಂಗಿ ಅಂದೆ. ಎತ್ತರ ನೋಡು, ಯಾರದೋ ಒಬ್ಬರ ಕಡಿಂದs ಬರ್ತದೇನು? ಅಜ್ಜಂದು ಚೂರು, ಅತ್ತಿದು ಚೂರು, ನಿಂದೊಂದು ಚೂರು, ಗಂಡಂದೊಂದು ಚೂರು. ಇದೂ ಹಂಗs, ಸಾವಿರಾರು ಚೂರು. ಅವು ನಿನ್ನ ಮಗಳೊಳಗೂ ಅದಾವ, ನನ್ನೊಳಗೂ ಅದಾವ. ಯಾರಿಗೆ ಎಷ್ಟು ಅನ್ನೋದಷ್ಟs ಬ್ಯಾರೆ. ನೀ ಏನ್ ತಪ್ಪು ಮಾಡೀದಿ ಇದ್ರಾಗ? ಅಂದೆ."

ಇಷ್ಟು ಬಲ್ಲವರು ಮಲ್ಲಟದಲ್ಲಿ ಎಡವಿದರು. ಎಡವಿದ್ದು ಒಂದು ಕಟ್ಟೆಯ ಮೇಲೆ.

ಎರಡು ತಿಂಗಳ ಹಿಂದೆ ಅವರು ಆ ಓಣಿಗೆ ಸಂಜೆ ಹೊತ್ತು ಹೋದರು. ಓಣಿಯ ಮಾತೆಲ್ಲ ಉರುಕುಂದಪ್ಪನವರದು. ಅರವತ್ತೆರಡರ ಪ್ರಾಯ, ದೊಡ್ಡ ದನಿ, ಜಗಳ ಬಿಡಿಸುವುದರಲ್ಲಿ ನುರಿತವರು. ಎಲ್ಲರನ್ನೂ ಬೇವಿನ ಮರದ ಕಟ್ಟೆಗೆ ಕರೆಸಿ ಕೂರಿಸಿದರು. ಶೇಖಮ್ಮ ಮೊದಲ ಪ್ರಶ್ನೆ ಓದಿದರು: ಮಂದಿಯೊಡನೆ ಬೆರೆಯುವುದು ಕಷ್ಟವಾಗುತ್ತದೆಯೇ? ಉರುಕುಂದಪ್ಪ ಸುತ್ತ ನೋಡಿ, "ನಮ್ಮ ಓಣ್ಯಾಗ ಯಾರಿಗೂ ಇಲ್ಲ, ಬರಕೋಳವ್ವಾ" ಎಂದರು. ಎಲ್ಲರೂ ಹೂಂಗುಟ್ಟಿದರು. ಬೆರೆಯುವುದು ಕಷ್ಟ ಎಂದು ಒಪ್ಪಿಕೊಳ್ಳುವುದೆಂದರೆ ಆ ಓಣಿಯಲ್ಲಿ ನೆರೆಮನೆಯವರ ಮೇಲೆ ದೂರು ಹೇಳಿದಂತೆ. ಮೂರು ಸಂಜೆಯಲ್ಲಿ ನಲವತ್ತೊಂದು ಫಾರಂ ಮುಗಿದವು. ಜೊಲ್ಲು ಕೊಡುವ ಮೊದಲು ಅರ್ಧ ತಾಸು ಬಾಯಿ ಖಾಲಿ ಇರಬೇಕೆಂಬ ನಿಯಮ ಶೇಖಮ್ಮನವರಿಗೆ ಗೊತ್ತಿತ್ತು. ಕಾದರು. ಅಷ್ಟರಲ್ಲಿ ಒಂದು ಮನೆಯಿಂದ ಚಹಾ ಬಂತು. ಮತ್ತೆ ಕಾದರು. ಎದುರುಮನೆಯವರು ತಾವೇನು ಕಡಿಮೆ ಎಂದು ಇನ್ನೊಂದು ಸುತ್ತು ಕಳಿಸಿದರು. ಅದರ ಮೇಲೆ ಎಲೆಅಡಿಕೆ. ಕತ್ತಲಾಗುತ್ತ ಬಂದಿದ್ದರಿಂದ ಹಾಗೆಯೇ ಕೊಳವೆ ತುಂಬಿಸಿಕೊಂಡು ಬಂದರು.

ರಾಯಚೂರಿನ ಕಚೇರಿಯಲ್ಲಿ ಮೇಲ್ವಿಚಾರಕಿ ಗುಲ್ಫಶಾ ಶೇಖಮ್ಮನವರನ್ನು ಕೂರಿಸಿಕೊಂಡು ಹೇಳಿದಳು: "ಅಕ್ಕಾ, ನಲವತ್ತೊಂದು ಫಾರಂ, ಎಲ್ಲಾ ಒಂದs ಉತ್ತರ. ಜೊಲ್ಲೂ ಕೆಟ್ಟದ. ನಾ ನಿಮ್ಮನ್ನ ನಂಬ್ತೀನಿ. ಮ್ಯಾಲಿನವ್ರು ನಂಬಂಗಿಲ್ಲ."

"ಬ್ಯಾರೆ ಊರಾಗ ಹೊಸಾ ಮಂದಿ ತಂದ್ರ ನಡೀತದೇನವ್ವಾ?"

"ಇಲ್ಲಕ್ಕಾ. ಅದs ಮಂದಿ ಆಗಬೇಕು. ಆಮ್ಯಾಲ ನಾ ಕೆಲವ್ರಿಗೆ ಫೋನ್ ಮಾಡಿ ಕೇಳ್ತೀನಿ."

ಶೇಖಮ್ಮ ತಪ್ಪನ್ನು ಯಾರ ಮೇಲೂ ಹಾಕುವುದಿಲ್ಲ. "ತಪ್ಪು ನಂದs ರೀ. ಮೂರು ಸಂಜ್ಯಾಗ ನಲವತ್ತೊಂದು ಆದ್ವಲ್ಲಾ ಅಂತ ಖುಷಿ ಪಟ್ಟಿದ್ದೆ. ಅಷ್ಟು ಜಲ್ದಿ ಆಗೋ ಕೆಲಸ ಅಲ್ಲ ಇದು, ನನಗ ಹೊಳೀಬೇಕಿತ್ತು."

ಹುಡುಕಿದ ದಾರಿ ಮಾತ್ರ ಅವರದೇ. ಬಾಯಿ ಬರಿದಾಗಿರಬೇಕು, ಮನುಷ್ಯ ಒಬ್ಬನೇ ಸಿಗಬೇಕು. ಹಳ್ಳಿಯಲ್ಲಿ ಇವೆರಡೂ ಕೂಡಿ ಬರುವುದು ನಸುಕಿನಲ್ಲಿ ಮಾತ್ರ. ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ, ನೀರು ಕಟ್ಟುವಾಗ ಗದ್ದೆಯ ಬದುವಿನ ಮೇಲೆ, ಗಿರಣಿ ಶುರುವಾಗುವ ಮುಂಚೆ ಚೀಲಗಳ ನಡುವೆ ಅವರು ಫಾರಂ ಬಿಚ್ಚುತ್ತಾರೆ. ದಿನಕ್ಕೆ ಇಬ್ಬರು, ಅದೃಷ್ಟವಿದ್ದರೆ ಮೂವರು. ಕೊಳವೆಗಳ ಮೇಲೆ ಹೆಸರಿಲ್ಲ, ನಂಬರ್ ಅಷ್ಟೇ. ಶೇಖಮ್ಮ ತಾವೂ ಒಂದು ಕೊಟ್ಟಿದ್ದಾರೆ. "ನಮ್ಮಜ್ಜಿ ಇಂಥ ಮನಿ ಅಂಗಳದಾಗ ದೂರ ನಿಂತು ನೀರು ಕುಡದಾಕಿ. ಈಗ ಆ ಮನಿಯವ್ರ ಎಂಜಲಾ, ನನ್ನ ಎಂಜಲಾ ಎರಡೂ ಒಂದs ಡಬ್ಬ್ಯಾಗ ಹೊಂಟಾವ. ಯಾವ್ದು ಯಾರದು ಅಂತ ಡಬ್ಬಿಗೂ ಗೊತ್ತಿಲ್ಲ" ಎಂದು ನಗುತ್ತಾರೆ.

ಇಪ್ಪತ್ತೊಂಬತ್ತರ ಮೇಲೆ ಲೆಕ್ಕ ನಿಂತುಹೋಗುತ್ತದೆ. ಒಬ್ಬೊಬ್ಬರನ್ನೇ ಮತ್ತೆ ಕೇಳುತ್ತಿರುವುದು ತಿಳಿದು ಉರುಕುಂದಪ್ಪನವರಿಗೆ ಸಿಟ್ಟು ಬಂದಿದೆ. ನಾನು ಹೇಳಿದ್ದು ಸುಳ್ಳೇ, ಇನ್ನು ಯಾರೂ ಕೊಡಬೇಡಿ ಎಂದುಬಿಟ್ಟಿದ್ದಾರೆ. ಉಳಿದ ಹನ್ನೆರಡು ಮಂದಿಯೂ ಶೇಖಮ್ಮನವರನ್ನು ಕಂಡರೆ ಒಳಗೆ ಹೋಗುತ್ತಾರೆ. ನಾಲ್ಕು ದಿನ ಸ್ಕೂಟಿ ಬರಿಗೈಲಿ ರಾಯಚೂರಿಗೆ ಮರಳುತ್ತದೆ.

ಗಂಟು ಬಿಚ್ಚಿದವರು ಶಿವಬಸಮ್ಮನವರ ಮಗ ಗಡಿಗೆಪ್ಪ. ಅವರ ಫಾರಂನಲ್ಲಿ ಏನಿದೆಯೆಂದು ಶೇಖಮ್ಮ ಬಾಯಿ ಬಿಡುವುದಿಲ್ಲ, ಗಡಿಗೆಪ್ಪ ತಾವಾಗಿಯೇ ಹೇಳಿಕೊಳ್ಳುತ್ತಾರೆ. ಗಿರಣಿಯಲ್ಲಿ ಚೀಲಗಳ ಬಾಯಿ ಒಂದೇ ದಿಕ್ಕಿಗಿರಬೇಕು, ಒಂದು ತಿರುಗಿದ್ದರೂ ಅವರಿಗೆ ಊಟ ಸೇರದು. ಹತ್ತು ಮಂದಿ ಒಟ್ಟಿಗೆ ಮಾತಾಡಿದರೆ ತಲೆ ಸಿಡಿಯುತ್ತದೆ. ಐದನೆಯ ದಿನ ಅವರು ನೆಟ್ಟಗೆ ಕಟ್ಟೆಗೆ ಹೋಗಿ ಗೆಳೆಯನ ಮುಂದೆ ನಿಲ್ಲುತ್ತಾರೆ. ಶೇಖಮ್ಮ ಸ್ಕೂಟಿ ಪಕ್ಕದಲ್ಲೇ ಇದ್ದಾರೆ.

"ಉರುಕುಂದಾ, ಮೂವತ್ತು ವರ್ಷ ಆತು ಈ ಕಟ್ಟಿ ಮ್ಯಾಲ ಕುಂತು. ನನಗ ಇದು ಒಂದಿನಾನೂ ಸೇರಿಲ್ಲ ನೋಡು."

"ಮತ್ಯಾಕ ಬರತಿದ್ದಿಲೇ?"

"ನೀ ಕರೀತಿದ್ದಿ."

"ಮೂವತ್ತು ವರ್ಷ ಹೇಳಲಿಲ್ಲಲ್ಲೋ."

"ಯಾರು ಕೇಳಿದ್ರು? ಈಕಿ ಒಬ್ಬಾಕಿ ಕೇಳಿದ್ಲು."

ಉರುಕುಂದಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಶೇಖಮ್ಮನವರ ಕಡೆ ತಿರುಗಿ, "ನಾಳೆ ಎಷ್ಟಕ್ಕ ಬರ್ತೀಯವ್ವಾ?" ಎನ್ನುತ್ತಾರೆ. "ಗದ್ದಿಗೆ ಬಾ. ಮನ್ಯಾಗಾದ್ರ ಹೆಂಡ್ತಿ ಉತ್ತರ ಹೇಳ್ತಾಳ." ಮರುದಿನ ಬದುವಿನ ಮೇಲೆ ಅವರ ಐವತ್ತು ಪ್ರಶ್ನೆಗೆ ಪೂರಾ ಒಂದು ತಾಸು ಹಿಡಿಯುತ್ತದೆ. ಓಣಿಗೆಲ್ಲ ಚಿಟಿಕೆ ಹೊಡೆದಂತೆ ಉತ್ತರಿಸಿದವರು, ತಮ್ಮೊಬ್ಬರ ಮಾತು ಬಂದಾಗ ಪ್ರತಿ ಪ್ರಶ್ನೆಗೂ ತಡೆದು ತಡೆದು ಯೋಚಿಸುತ್ತಾರೆ. ಅವರು ಕೊಟ್ಟ ಮೇಲೆ ಉಳಿದವರೂ ಬಾಗಿಲು ತೆರೆಯುತ್ತಾರೆ.

ಮೂವತ್ತನೆಯ ತಾರೀಖು ಶೇಖಮ್ಮ ಕಚೇರಿಗೆ ಒಪ್ಪಿಸುವುದು ಮೂವತ್ತೆಂಟು. ಒಬ್ಬ ಅಜ್ಜ ಈ ನಡುವೆ ತೀರಿಕೊಂಡಿದ್ದಾರೆ, ಗಂಡ ಹೆಂಡತಿ ಇಬ್ಬರು ದುಡಿಯಲು ಪುಣೆಗೆ ಹೋಗಿದ್ದಾರೆ. ಗುಲ್ಫಶಾ ಹದಿನೈದು ಮನೆಗೆ ಫೋನ್ ಮಾಡಿ ಕೇಳುತ್ತಾಳೆ. ಹದಿನೈದೂ ತಾಳೆಯಾಗುತ್ತವೆ. ಒಬ್ಬೊಬ್ಬರನ್ನೇ ಕೂರಿಸಿ, ಬೆಳಗ್ಗೆ ಕೇಳಬೇಕೆಂಬ ಸೂಚನೆ ಈಗ ಉಳಿದ ಕಾರ್ಯಕರ್ತರಿಗೂ ಹೋಗಿದೆ.

ಮೂರು ಫಾರಂ ಹೋದವು, ನಾಲ್ಕು ವಾರದ ನಿದ್ದೆ ಹೋಯಿತು. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ವರದಿಯಲ್ಲಿ ತಮ್ಮ ಹೆಸರು ಬರುವುದಿಲ್ಲವೆಂದು ಶೇಖಮ್ಮನವರಿಗೆ ಗೊತ್ತಿದೆ.

"ಬರದಿದ್ರ ಬಿಡ್ರಿ" ಎನ್ನುತ್ತಾರೆ. "ಮೂವತ್ತೆಂಟು ಮಂದಿ, ಮೂವತ್ತೆಂಟು ಥರಾ ಇದ್ರು. ಹೆಂಗಿದ್ರೋ ಹಂಗ ಬರದು ಕೊಟ್ಟೀನಿ."